ಏಜೆಂಟ್ ಎಷ್ಟು ಬೇಕು ಅನ್ನೋದು ಕೊನೆಯ ಪ್ರಶ್ನೆ

ಸಾಫ್ಟ್‌ವೇರ್ ಬರೆಯುವವರ ಒಂದು ಕೂಟದಲ್ಲಿ ನಾನು ಮಾತಾಡಿದ್ದರ ಬರಹ ರೂಪ ಇದು. ಅವತ್ತು ಬೋರ್ಡ್ ಮೇಲೆ ಬರೆದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಸಮಯ ಸಾಲದೆ ಅರ್ಧಕ್ಕೆ ಬಿಟ್ಟಿದ್ದನ್ನು ಪೂರ್ತಿ ಮಾಡಿದ್ದೇನೆ.

ಶುರುವಿನಲ್ಲೇ ಎರಡು ಪ್ರಶ್ನೆ ಕೇಳಿದೆ. ಕಳೆದ ಒಂದು ವರ್ಷದಲ್ಲಿ ಏಜೆಂಟ್‌ಗಳಿರುವ, ಅಂದರೆ ಕೊಟ್ಟ ಕೆಲಸವನ್ನು ತಾವೇ ತೀರ್ಮಾನ ಮಾಡಿ ನಡೆಸುವ ಪ್ರೋಗ್ರಾಂಗಳಿರುವ, ಏನಾದರೂ ಕಟ್ಟಿದವರು ಎಷ್ಟು ಜನ? ಮುಕ್ಕಾಲು ಸಭೆ ಕೈ ಎತ್ತಿತು. ಕೋಡ್ ಶುರು ಮಾಡುವ ಮುಂಚೆ, ಯಾವ ಏಜೆಂಟ್ ಯಾವುದಕ್ಕೆ ಹೊಣೆ, ಯಾವ ಡೇಟಾ ಮುಟ್ಟಬಹುದು, ಇನ್ನೊಂದು ಏಜೆಂಟ್‌ನಿಂದ ಉತ್ತರ ಬರದಿದ್ದರೆ ಏನು ಮಾಡಬೇಕು, ಇಷ್ಟನ್ನು ಒಂದೇ ಒಂದು ಪುಟದಲ್ಲಾದರೂ ಬರೆದವರು ಎಷ್ಟು ಜನ? ನಾಲ್ಕೋ ಐದೋ ಕೈ ಉಳಿದವು.

ನನ್ನ ಇಡೀ ಮಾತು ಆ ಒಂದು ಪುಟದ ಬಗ್ಗೆ.

ಮೊದಲು ನಾನು ಕೆಲಸ ಮಾಡಿದ ಒಂದು ಪ್ರಾಜೆಕ್ಟಿನ ಕತೆ ಹೇಳುತ್ತೇನೆ. ಬರುವ ಬಿಲ್‌ಗಳನ್ನು ಓದಿ, ತಾಳೆ ನೋಡಿ, ಪಾವತಿಗೆ ಕಳಿಸುವ ಕೆಲಸ. ಅದಕ್ಕೆ ಏಳು ಏಜೆಂಟ್ ಇಟ್ಟಿದ್ದೆವು. ಓದಲು ಒಂದು, ವಿಂಗಡಿಸಲು ಒಂದು, ತಾಳೆ ನೋಡಲು ಒಂದು, ಹೀಗೆ. ಚಿತ್ರದಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಒಂದು ದಿನ ಒಂದೇ ಬಿಲ್ ಎರಡು ಸಲ ಪಾವತಿಗೆ ಹೋಯಿತು. ಮೂರು ದಿನ ಲಾಗ್, ಅಂದರೆ ಪ್ರೋಗ್ರಾಂ ಏನೇನು ಮಾಡಿತು ಅನ್ನುವ ದಾಖಲೆ, ಜಾಲಾಡಿದೆವು. ಪ್ರತಿ ಏಜೆಂಟ್ ತನಗೆ ಹೇಳಿದ ಕೆಲಸವನ್ನು ಸರಿಯಾಗೇ ಮಾಡಿತ್ತು. "ಇದು ಮೊದಲೇ ಬಂದ ಬಿಲ್ಲಾ" ಅಂತ ನೋಡುವುದು ತಾಳೆ ನೋಡುವವನ ಕೆಲಸ ಅಂತ ಓದುವ ಏಜೆಂಟ್ ಬರೆದವರು ಅಂದುಕೊಂಡಿದ್ದರು. ಅದು ಓದುವ ಹಂತದಲ್ಲೇ ಮುಗಿದಿರುತ್ತದೆ ಅಂತ ತಾಳೆ ನೋಡುವ ಏಜೆಂಟ್ ಬರೆದವರು ಅಂದುಕೊಂಡಿದ್ದರು. ತಪ್ಪು ಯಾವ ಏಜೆಂಟ್‌ನ ಒಳಗೂ ಇರಲಿಲ್ಲ, ಎರಡರ ನಡುವೆ ಇತ್ತು. ನಡುವಿನ ಜಾಗಕ್ಕೆ ಕೋಡ್ ಫೈಲ್ ಇರುವುದಿಲ್ಲ, ಹಾಗಾಗಿ ಅದನ್ನು ಯಾರೂ ರಿವ್ಯೂ ಮಾಡಿರುವುದಿಲ್ಲ.

ಆಮೇಲೆ ಹಳೆಯ ಸಾಹಿತ್ಯ ಓದಲು ಕೂತೆ. ಇದೇ ತೊಂದರೆಯನ್ನು ಇಟ್ಟುಕೊಂಡು ಜನ ಇಪ್ಪತ್ತೈದು ಮೂವತ್ತು ವರ್ಷದ ಹಿಂದೆಯೇ ಕೂತು ಯೋಚಿಸಿದ್ದಾರೆ ಅಂತ ಗೊತ್ತಾಯಿತು. ಇವತ್ತು ಏಜೆಂಟ್ ಅಂದ ಕೂಡಲೇ ಭಾಷಾ ಮಾದರಿ (ಬರಹ ಓದಿ ಬರಹ ಹುಟ್ಟಿಸುವ ಎಐ), ಪ್ರಾಂಪ್ಟ್ (ಅದಕ್ಕೆ ಬರೆದು ಕೊಡುವ ಸೂಚನೆ), ಟೂಲ್ (ಅದು ಕರೆದು ಬಳಸುವ ಬೇರೆ ಪ್ರೋಗ್ರಾಂ) ಅಂತಷ್ಟೇ ತಲೆಗೆ ಬರುತ್ತದೆ. ಆದರೆ ಕಂಪ್ಯೂಟರ್ ವಿಜ್ಞಾನಿ ಯೋವ್ ಶೋಹಮ್ "ಏಜೆಂಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್" ಅನ್ನುವ ಮಾತನ್ನು ಒಂದು ಪ್ರಬಂಧವಾಗಿ ಮುಂದಿಟ್ಟಿದ್ದು 1993ರಲ್ಲಿ. ಎರಡು ವರ್ಷದ ನಂತರ ಮೈಕೇಲ್ ವೂಲ್ಡ್ರಿಜ್ ಮತ್ತು ನಿಕ್ ಜೆನ್ನಿಂಗ್ಸ್ ಏಜೆಂಟ್‌ಗೆ ನಾಲ್ಕು ಗುಣ ಹೇಳಿದರು: ತನ್ನ ನಿರ್ಧಾರ ತಾನೇ ತೆಗೆದುಕೊಳ್ಳುವುದು, ಸುತ್ತಲಿನ ಬದಲಾವಣೆಗೆ ಸ್ಪಂದಿಸುವುದು, ಗುರಿ ಇಟ್ಟುಕೊಂಡು ತಾನಾಗಿ ಮುಂದಾಗುವುದು, ಬೇರೆ ಏಜೆಂಟ್‌ಗಳ ಜೊತೆ ವ್ಯವಹರಿಸುವುದು.

ಈ ನಾಲ್ಕರಲ್ಲಿ ಎಂಜಿನಿಯರ್‌ಗೆ ನಿಜವಾದ ಕಷ್ಟ ತರುವುದು ಮೊದಲನೆಯದು. ಒಂದು ಆಬ್ಜೆಕ್ಟ್‌ನ, ಅಂದರೆ ಸಾದಾ ಪ್ರೋಗ್ರಾಮಿನ ಒಂದು ತುಣುಕಿನ, ಮೆಥಡ್ ಕರೆದರೆ ಅದು ಓಡುತ್ತದೆ, ಅದಕ್ಕೆ ಬೇರೆ ದಾರಿ ಇಲ್ಲ. ಏಜೆಂಟ್‌ಗೆ ನಾವು ಕಳಿಸುವುದು ಕೋರಿಕೆ. ಅದು ಒಪ್ಪಬಹುದು, ಆಗಲ್ಲ ಅನ್ನಬಹುದು, ಒಪ್ಪಿ ಆಮೇಲೆ ಮಾಡಲಾಗದೆ ಸೋಲಬಹುದು, ಸುಮ್ನೆ ಉತ್ತರ ಕೊಡದೆಯೂ ಇರಬಹುದು. "ಆಗಲ್ಲ" ಅನ್ನುವುದು ಇಲ್ಲಿ ಎರರ್ ಅಲ್ಲ, ಸರಿಯಾದ ಉತ್ತರಗಳಲ್ಲಿ ಒಂದು. ಪ್ರೋಗ್ರಾಮಿನ ತುಣುಕುಗಳನ್ನು ತೋರಿಸುವ ಕ್ಲಾಸ್ ಡಯಾಗ್ರಾಂ ಬರೆದು ಬಾಣ ಹಾಕಿದರೆ ಈ ವಿಷಯ ಎಲ್ಲೂ ಕಾಣುವುದಿಲ್ಲ. ಅದಕ್ಕೇ ಬೇರೆ ವಿಧಾನಗಳು ಬೇಕಾದವು.

2000ದ ಆಸುಪಾಸಿನಲ್ಲಿ ಇಂಥ ವಿಧಾನಗಳು ಸಾಲಾಗಿ ಬಂದವು. ಗಾಯಾ, ಟ್ರೋಪೋಸ್, ಪ್ರೊಮಿಥಿಯಸ್, ಮೇಸ್, ಪಾಸಿ, ಇಂಜೀನಿಯಸ್, ಇನ್ನೂ ಹಲವು. ಎಲ್ಲವನ್ನೂ ವಿವರಿಸಲು ಹೋಗುವುದಿಲ್ಲ. ನನಗೆ ಕೆಲಸಕ್ಕೆ ಬಂದ ಮೂರನ್ನು ಮಾತ್ರ, ಒಂದೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ಉದಾಹರಣೆ ಆಂಬುಲೆನ್ಸ್ ಕಳಿಸುವ ವ್ಯವಸ್ಥೆ. ತುರ್ತು ಕರೆ ಬರುತ್ತದೆ. ಯಾವ ವಾಹನ ಹೋಗಬೇಕು, ರೋಗಿಯನ್ನು ಯಾವ ಆಸ್ಪತ್ರೆಗೆ ಒಯ್ಯಬೇಕು ಅಂತ ತೀರ್ಮಾನ ಆಗಬೇಕು. ವಾಹನಗಳು ಓಡಾಡುತ್ತಿರುತ್ತವೆ, ನೆಟ್‌ವರ್ಕ್ ಬಂದು ಹೋಗಿ ಆಗುತ್ತದೆ, ಆಸ್ಪತ್ರೆಯ ಹಾಸಿಗೆ ನಿಮಿಷ ನಿಮಿಷಕ್ಕೂ ತುಂಬುತ್ತದೆ. ಸಾಮಾನ್ಯವಾಗಿ ನಾವೇನು ಮಾಡುತ್ತೇವೆ? ಬೋರ್ಡ್ ಹತ್ತಿರ ಹೋಗಿ ಡಬ್ಬಿಗಳನ್ನು ಬರೆಯುತ್ತೇವೆ. ಕರೆ ಏಜೆಂಟ್, ವಾಹನ ಏಜೆಂಟ್, ಆಸ್ಪತ್ರೆ ಏಜೆಂಟ್, ಮೇಲ್ವಿಚಾರಕ ಏಜೆಂಟ್. ಐದು ನಿಮಿಷದಲ್ಲಿ ಡಿಸೈನ್ ಮುಗಿಯಿತು ಅನ್ನಿಸುತ್ತದೆ. ಅಲ್ಲೇ ತಪ್ಪು ಶುರುವಾಗುವುದು. ಯಾಕೆಂದರೆ ನಾವು ಇನ್ನೂ ಕೆಲಸ ಏನು ಅಂತಲೇ ಕೇಳಿಲ್ಲ, ಕೆಲಸಗಾರರನ್ನು ನೇಮಿಸಿಬಿಟ್ಟಿದ್ದೇವೆ.

ಟ್ರೋಪೋಸ್ ಇಲ್ಲಿ ನಮ್ಮನ್ನು ತಡೆಯುತ್ತದೆ. ಎರಿಕ್ ಯು ಟೊರೊಂಟೊದಲ್ಲಿ 1995ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಮುಂದಿಟ್ಟ ಐ-ಸ್ಟಾರ್ ಅನ್ನುವ ಮಾದರಿ ಇದರ ಬೇರು. ಜಾನ್ ಮೈಲೋಪೌಲಸ್ ಮತ್ತು ಇಟಲಿಯ ಸಂಶೋಧಕರು ಸೇರಿ ಅದನ್ನು ಪೂರ್ತಿ ವಿಧಾನವಾಗಿ ಬೆಳೆಸಿದರು. ಇದರ ಮೊದಲ ಹಂತದಲ್ಲಿ ಸಾಫ್ಟ್‌ವೇರ್ ಇರುವುದೇ ಇಲ್ಲ. ಮನುಷ್ಯರು, ಸಂಸ್ಥೆಗಳು, ಯಾರು ಯಾರನ್ನು ಯಾವುದಕ್ಕೆ ನೆಚ್ಚಿಕೊಂಡಿದ್ದಾರೆ ಅನ್ನುವುದು, ಇಷ್ಟೇ. ಕರೆ ಮಾಡಿದವರು ಬೇಗ ವಾಹನ ಬರಲಿ ಅಂತ ಕೇಂದ್ರವನ್ನು ನೆಚ್ಚಿದ್ದಾರೆ. ಸರಿಯಾದ ವಿಳಾಸಕ್ಕಾಗಿ ಕೇಂದ್ರ ಕರೆ ಮಾಡಿದವರನ್ನೇ ನೆಚ್ಚಿದೆ. ಚಾಲಕರು ವಿಶ್ರಾಂತಿಗಾಗಿ ಕೇಂದ್ರವನ್ನು ನೆಚ್ಚಿದ್ದಾರೆ. ಈ ಕೊನೆಯದನ್ನು ಡಬ್ಬಿ ಬರೆಯುವಾಗ ಯಾರಿಗಾದರೂ ಹೊಳೆದಿತ್ತಾ? ನನಗಂತೂ ಹೊಳೆದಿರಲಿಲ್ಲ. ಚಾಲಕರ ವಿಶ್ರಾಂತಿ ಲೆಕ್ಕದಲ್ಲಿ ಇಲ್ಲದ ವ್ಯವಸ್ಥೆ ಹತ್ತಿರ ಇರುವ ವಾಹನವನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಲೆಕ್ಕದ ಪ್ರಕಾರ ಅದು ಸರಿ, ಚಾಲಕನ ಪಾಲಿಗೆ ಅಪಾಯ.

ಟ್ರೋಪೋಸ್‌ನಲ್ಲಿ ಇನ್ನೊಂದು ಒಳ್ಳೆಯ ವಿಚಾರ ಇದೆ, ಗುರಿಗಳಲ್ಲಿ ಗಟ್ಟಿ ಮತ್ತು ಮೆತ್ತಗಿನ ಅಂತ ಎರಡು ಬಗೆ. "ಕರೆಗೆ ವಾಹನ ನಿಗದಿ ಆಗಬೇಕು" ಅನ್ನುವುದು ಗಟ್ಟಿ ಗುರಿ, ಆಯಿತೋ ಇಲ್ಲವೋ ಅಂತ ಹೇಳಬಹುದು. "ಎಲ್ಲ ಪ್ರದೇಶಕ್ಕೂ ನ್ಯಾಯವಾಗಿರಬೇಕು" ಅನ್ನುವುದು ಮೆತ್ತಗಿನದು. ಎಷ್ಟಾದರೆ ಸಾಕು ಅಂತ ಗೆರೆ ಎಳೆಯಲು ಆಗುವುದಿಲ್ಲ. ಹಾಗಂತ ಬಿಡಲೂ ಆಗಲ್ಲ. ಅದನ್ನೂ ಚಿತ್ರದಲ್ಲಿ ಬರೆದು, ಯಾವ ಆಯ್ಕೆ ಅದಕ್ಕೆ ಸಹಾಯ ಮಾಡುತ್ತದೆ, ಯಾವುದು ಅಡ್ಡ ಬರುತ್ತದೆ ಅಂತ ಗುರುತು ಹಾಕುತ್ತಾರೆ. ಆಮೇಲೆ ಯಾರಾದರೂ "ಇದನ್ನು ಹೀಗೇಕೆ ಮಾಡಿದಿರಿ" ಅಂತ ಕೇಳಿದರೆ ತೋರಿಸಲು ಒಂದು ಕಾಗದ ಇರುತ್ತದೆ.

ಎರಡನೆಯದು ಗಾಯಾ. ನನಗೆ ಬಹಳ ಇಷ್ಟವಾದದ್ದು ಇದೇ. ವೂಲ್ಡ್ರಿಜ್, ಜೆನ್ನಿಂಗ್ಸ್, ಡೇವಿಡ್ ಕಿನ್ನಿ 2000ದಲ್ಲಿ ಇದನ್ನು ಪ್ರಕಟಿಸಿದರು. 2003ರಲ್ಲಿ ಫ್ರಾಂಕೋ ಜಾಂಬೊನೆಲಿ ಸೇರಿಕೊಂಡು ಸಂಸ್ಥೆಯ ನಿಯಮಗಳು, ರಚನೆ ಅನ್ನುವ ಭಾಗಗಳನ್ನೂ ತಂದರು. ಗಾಯಾ ಏಜೆಂಟ್‌ನಿಂದ ಶುರುವಾಗುವುದಿಲ್ಲ, ಪಾತ್ರದಿಂದ ಶುರುವಾಗುತ್ತದೆ. ಒಂದು ಕಚೇರಿಯಲ್ಲಿ ಹುದ್ದೆ ಬೇರೆ, ಆ ಹುದ್ದೆಯಲ್ಲಿ ಕೂತವರು ಬೇರೆ, ಅಲ್ವಾ? ಒಬ್ಬರೇ ಎರಡು ಹುದ್ದೆ ನೋಡಿಕೊಳ್ಳಬಹುದು, ಒಂದೇ ಹುದ್ದೆಯಲ್ಲಿ ಹತ್ತು ಜನ ಇರಬಹುದು. ಹಾಗೆಯೇ ಇಲ್ಲಿ.

ಪ್ರತಿ ಪಾತ್ರಕ್ಕೂ ನಾಲ್ಕು ವಿಷಯ ಬರೆಯಬೇಕು. ಹೊಣೆ, ಅನುಮತಿ, ತಾನೊಬ್ಬನೇ ಮಾಡುವ ಕೆಲಸ, ಬೇರೆಯವರ ಜೊತೆ ಸೇರಿ ಮಾಡುವ ಮಾತುಕತೆ. ಹೊಣೆಯಲ್ಲಿ ಮತ್ತೆ ಎರಡು ಬಗೆ: ಆಗಲೇಬೇಕಾದದ್ದು, ಎಂದೂ ಆಗಬಾರದ್ದು. ವಾಹನ ನಿಗದಿ ಮಾಡುವ ಪಾತ್ರಕ್ಕೆ, "ಬಂದ ಪ್ರತಿ ಕರೆಗೂ ಕೊನೆಗೆ ಒಂದು ವಾಹನ ನಿಗದಿಯಾಗಬೇಕು" ಅನ್ನುವುದು ಆಗಲೇಬೇಕಾದದ್ದು. "ಒಂದೇ ವಾಹನ ಒಂದೇ ಹೊತ್ತಿಗೆ ಎರಡು ಕರೆಗೆ ನಿಗದಿಯಾಗಿರಬಾರದು" ಅನ್ನುವುದು ಎಂದೂ ಆಗಬಾರದ್ದು. ಅನುಮತಿಯಲ್ಲಿ, ಯಾವ ಮಾಹಿತಿಯನ್ನು ಓದಬಹುದು, ಯಾವುದನ್ನು ತಿದ್ದಬಹುದು, ಯಾವುದನ್ನು ಹೊಸದಾಗಿ ಹುಟ್ಟಿಸಬಹುದು ಅಂತ ಬೇರೆ ಬೇರೆ ಬರೆಯಬೇಕು. ವಾಹನದ ಸ್ಥಿತಿಯನ್ನು ತಿದ್ದುವ ಹಕ್ಕು ವಾಹನದ ಪಾತ್ರಕ್ಕೆ ಮಾತ್ರ. ನಿಗದಿ ಮಾಡುವವನಿಗೆ ಓದುವ ಹಕ್ಕು ಅಷ್ಟೇ.

ಈ ಕೋಷ್ಟಕವನ್ನು ನಮ್ಮ ಬಿಲ್ ಪ್ರಾಜೆಕ್ಟಿಗೆ ಆಮೇಲೆ ತುಂಬಿ ನೋಡಿದೆ. "ಒಂದೇ ಬಿಲ್ ಎರಡು ಸಲ ಪಾವತಿಗೆ ಹೋಗಬಾರದು" ಅನ್ನುವ ಸಾಲನ್ನು ಯಾವ ಪಾತ್ರದ ಕೆಳಗೆ ಬರೆಯಬೇಕು ಅಂತ ಕೇಳಿದ ಕೂಡಲೇ ಉತ್ತರ ಇಲ್ಲ ಅಂತ ಗೊತ್ತಾಯಿತು. ಹತ್ತು ನಿಮಿಷದ ಕೆಲಸ. ಮೊದಲೇ ಮಾಡಿದ್ದರೆ ಮೂರು ದಿನದ ಲಾಗ್ ಹುಡುಕಾಟವೂ, ಹಣ ವಾಪಸ್ ಕೇಳುವ ಪಾಡೂ ಇರುತ್ತಿರಲಿಲ್ಲ.

ಪಾತ್ರಗಳು ಸಿಕ್ಕಿದವು. ಈಗ ಏಜೆಂಟ್ ಎಷ್ಟು? ಇಲ್ಲಿ ಪ್ರೊಮಿಥಿಯಸ್ ಸಹಾಯಕ್ಕೆ ಬರುತ್ತದೆ. ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದಲ್ಲಿ ಲಿನ್ ಪ್ಯಾಡ್ಗಮ್ ಮತ್ತು ಮೈಕೇಲ್ ವಿನಿಕಾಫ್ ಬೆಳೆಸಿದ್ದು ಇದು. ಮೂರು ಹಂತ ಇದೆ: ವ್ಯವಸ್ಥೆಗೆ ಹೊರಗಿನಿಂದ ಏನು ಬರುತ್ತದೆ ಏನು ಹೋಗುತ್ತದೆ ಅಂತ ಬರೆಯುವುದು, ಏಜೆಂಟ್‌ಗಳನ್ನು ತೀರ್ಮಾನಿಸುವುದು, ಪ್ರತಿ ಏಜೆಂಟ್‌ನ ಒಳಗಿನ ಪ್ಲಾನ್‌ಗಳನ್ನು ಬರೆಯುವುದು. ನಡುವಿನ ಹಂತಕ್ಕೆ ಅವರು ಕೊಡುವ ಉಪಾಯ ಸರಳ. ಪಾತ್ರಗಳನ್ನು ಒಂದು ಕಡೆ, ಅವು ಓದುವ ಬರೆಯುವ ಡೇಟಾವನ್ನು ಇನ್ನೊಂದು ಕಡೆ ಬರೆದು ಗೆರೆ ಎಳೆಯಿರಿ. ಎಲ್ಲಿ ಗೆರೆ ದಟ್ಟವಾಗಿದೆಯೋ ಆ ಪಾತ್ರಗಳು ಒಂದೇ ಏಜೆಂಟ್‌ಗೆ ಸೇರಬೇಕಾದವು. ಆಮೇಲೆ ಏಜೆಂಟ್‌ಗಳ ನಡುವಿನ ಪರಿಚಯದ ಚಿತ್ರ ಬರೆಯಿರಿ, ಅಂದರೆ ಯಾರು ಯಾರ ಜೊತೆ ಮಾತಾಡುತ್ತಾರೆ. ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರೆ ಹಂಚಿಕೆ ತಪ್ಪಾಗಿದೆ.

ಆಂಬುಲೆನ್ಸ್ ಉದಾಹರಣೆಯಲ್ಲಿ ಇದನ್ನು ಮಾಡಿದಾಗ, ಕರೆ ದಾಖಲಿಸುವುದು, ತುರ್ತು ಎಷ್ಟು ಅಂತ ಅಳೆಯುವುದು, ವಾಹನ ನಿಗದಿ ಮಾಡುವುದು, ಈ ಮೂರೂ ಪಾತ್ರ ಒಂದೇ ಕರೆ ದಾಖಲೆಯನ್ನು ಮುಟ್ಟುತ್ತವೆ ಅಂತ ಕಂಡಿತು. ಹಾಗಾಗಿ ಮೂರೂ ಸೇರಿ ಒಂದು ಏಜೆಂಟ್. ವಾಹನದ ಪಾತ್ರ ಬೇರೆಯೇ ಇರಬೇಕು, ಪ್ರತಿ ವಾಹನಕ್ಕೆ ಒಂದೊಂದು. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಅಲ್ಲ. ನೆಟ್‌ವರ್ಕ್ ಹೋದಾಗಲೂ ವಾಹನ ತನ್ನ ಪಾಡಿಗೆ ತಾನು ತೀರ್ಮಾನ ಮಾಡಬೇಕು, ಅದಕ್ಕೆ. ಬೇರೆ ಏಜೆಂಟ್ ಬೇಕು ಅನ್ನಲು ಇಂಥ ಗಟ್ಟಿ ಕಾರಣ ಇರಬೇಕು: ಬೇರೆ ಜಾಗದಲ್ಲಿದೆ, ಬೇರೆ ಮಾಲೀಕರದು, ಬೇರೆ ಅನುಮತಿ ಬೇಕು, ಅಥವಾ ಬೇರೆ ವೇಗದಲ್ಲಿ ಕೆಲಸ ಮಾಡಬೇಕು. ಇದ್ಯಾವುದೂ ಇಲ್ಲದಿದ್ದರೆ ಅದು ಏಜೆಂಟ್ ಅಲ್ಲ, ಒಂದು ಫಂಕ್ಷನ್, ಕರೆದಾಗ ಓಡುವ ಕೋಡ್ ತುಣುಕು ಅಷ್ಟೇ. ನಮ್ಮ ಬಿಲ್ ಪ್ರಾಜೆಕ್ಟಿನ ಏಳು ಏಜೆಂಟ್ ಕೊನೆಗೆ ಎರಡಾದವು.

ಈಗ ಮಾತುಕತೆಗೆ ಬರೋಣ. ಕೆಲಸ ಹಂಚುವುದಕ್ಕೆ ಬಹಳ ಹಳೆಯ ಒಂದು ಪದ್ಧತಿ ಇದೆ. ರೀಡ್ ಸ್ಮಿತ್ 1980ರಲ್ಲಿ ಬರೆದ ಕಾಂಟ್ರ್ಯಾಕ್ಟ್ ನೆಟ್. ಟೆಂಡರ್ ಕರೆದ ಹಾಗೆ. ಕೆಲಸ ಇದೆ ಅಂತ ಸಾರುವುದು, ಬಲ್ಲವರು ಬಿಡ್ ಹಾಕುವುದು, ಒಳ್ಳೆಯ ಬಿಡ್‌ಗೆ ಕೆಲಸ ಕೊಡುವುದು. 1996ರಲ್ಲಿ ಶುರುವಾದ ಫಿಪಾ ಅನ್ನುವ ಸಂಸ್ಥೆ ಏಜೆಂಟ್‌ಗಳ ಮಾತಿಗೆ ಒಂದು ಪ್ರಮಾಣಿತ ಭಾಷೆ ಮಾಡಿದಾಗ ಇದನ್ನೂ ಅದರಲ್ಲಿ ಸೇರಿಸಿತು. ಜಾವಾದಲ್ಲಿ ಬರೆದ ಜೇಡ್ ಅನ್ನುವ ಪ್ಲಾಟ್‌ಫಾರ್ಮ್ ಬಳಸಿದವರಿಗೆ ಇದು ಸಿದ್ಧವಾಗಿ ಸಿಗುತ್ತಿತ್ತು.

ಕೇಳಲು ಸುಲಭ. ಈಗ ಇದನ್ನು ನೋಡಿ. ಏಳನೇ ವಾಹನ ಒಂದು ಕರೆಗೆ "ಆರು ನಿಮಿಷದಲ್ಲಿ ತಲುಪುತ್ತೇನೆ" ಅಂತ ಬಿಡ್ ಹಾಕಿದೆ. ಉತ್ತರಕ್ಕೆ ಕಾಯುತ್ತಿದೆ. ಅಷ್ಟರಲ್ಲಿ ಇನ್ನೊಂದು ಕರೆ ಸಾರಲಾಯಿತು. ಅದಕ್ಕೂ ಬಿಡ್ ಹಾಕಬೇಕೋ ಬೇಡವೋ? ಹಾಕಿದರೆ, ಎರಡೂ ಗೆದ್ದರೆ ಒಂದಕ್ಕೆ ಮಾತು ತಪ್ಪಬೇಕು. ಹಾಕದಿದ್ದರೆ, ಮೊದಲನೆಯದು ಸಿಗದೇ ಹೋದಾಗ ಎರಡೂ ಕೈ ತಪ್ಪುತ್ತವೆ, ವಾಹನ ಖಾಲಿ ನಿಂತಿರುತ್ತದೆ, ಅತ್ತ ಯಾರೋ ಉಸಿರು ಹಿಡಿದು ಕಾಯುತ್ತಿರುತ್ತಾರೆ. ಬಿಡ್ ಅನ್ನುವುದು ಮಾತು ಕೊಟ್ಟ ಹಾಗೋ, ಸುಮ್ನೆ ಮಾಹಿತಿಯೋ? ಫಿಪಾ ನಿಯಮದ ಪ್ರಕಾರ ಬಿಡ್ ಒಪ್ಪಿಗೆಯಾದ ಕೂಡಲೇ ಹಾಕಿದವನ ಮೇಲೆ ಕೆಲಸ ಬೀಳುತ್ತದೆ. ನಾನಾದರೆ ಬಿಡ್‌ಗೆ ಒಂದು ಆಯಸ್ಸು ಕೊಡುತ್ತೇನೆ. "ಈ ಮಾತು ಐದು ಸೆಕೆಂಡ್ ನಿಲ್ಲುತ್ತದೆ, ಅಷ್ಟರೊಳಗೆ ಹೇಳದಿದ್ದರೆ ನಾನು ಸ್ವತಂತ್ರ." ಆಗ ಹೊಸ ಪ್ರಶ್ನೆ, ಐದು ಸೆಕೆಂಡ್ ಯಾರ ಗಡಿಯಾರದಲ್ಲಿ? ಒಪ್ಪಿಗೆ ನಾಲ್ಕನೇ ಸೆಕೆಂಡಿಗೆ ಹೊರಟು ಆರನೇ ಸೆಕೆಂಡಿಗೆ ತಲುಪಿದರೆ? ಹಾಗಾಗಿ ವಾಹನ "ಒಪ್ಪಿಗೆ ತಲುಪಿತು, ಹೊರಟೆ" ಅಂತ ತಿರುಗಿ ಹೇಳುವವರೆಗೂ ಕರೆಯನ್ನು ನಿಗದಿಯಾಯಿತು ಅಂತ ಬರೆಯಬಾರದು. ಇಷ್ಟು ವಿವರ ಯಾವ ಚಿತ್ರದಲ್ಲೂ ತಾನಾಗಿ ಬರುವುದಿಲ್ಲ. "ಉತ್ತರ ಬರದಿದ್ದರೆ" ಅನ್ನುವ ಸಾಲನ್ನು ಪ್ರತಿ ಮೆಸೇಜಿನ ಎದುರಿಗೂ ಬರೆದಾಗ ಮಾತ್ರ ಬರುತ್ತದೆ.

ಏಜೆಂಟ್‌ನ ಒಳಗಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಬಿಡಿಐ ಅಂತ ಒಂದು ಮಾದರಿ ಇದೆ. ನಂಬಿಕೆ, ಬಯಕೆ, ಸಂಕಲ್ಪ. ತತ್ವಶಾಸ್ತ್ರದ ಮೈಕೇಲ್ ಬ್ರಾಟ್ಮನ್ 1980ರ ದಶಕದಲ್ಲಿ ಮನುಷ್ಯರು ಯೋಜನೆಗಳನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಅಂತ ಯೋಚಿಸಿದ್ದರಿಂದ ಹುಟ್ಟಿದ್ದು. ಮೈಕೇಲ್ ಜಾರ್ಜೆಫ್ ಮತ್ತು ಆನಂದ್ ರಾವ್ ಅದನ್ನು ಸಾಫ್ಟ್‌ವೇರಿಗೆ ತಂದರು. ಸಂಕಲ್ಪ ಅಂದರೆ ಒಮ್ಮೆ ಹಿಡಿದ ದಾರಿಯನ್ನು ಸುಮ್ಮನೆ ಬಿಡದಿರುವುದು. ಆದರೆ ಎಷ್ಟು ಹೊತ್ತು ಹಿಡಿದಿರಬೇಕು? ಕಿನ್ನಿ ಮತ್ತು ಜಾರ್ಜೆಫ್ 1991ರಲ್ಲಿ ಪ್ರಯೋಗ ಮಾಡಿ ನೋಡಿದರು. ಸುತ್ತಲಿನ ಜಗತ್ತು ನಿಧಾನವಾಗಿ ಬದಲಾಗುವಾಗ, ಹಿಡಿದದ್ದನ್ನು ಬಿಡದೆ ಮುಗಿಸುವ ಏಜೆಂಟ್ ಗೆಲ್ಲುತ್ತದೆ. ಬೇಗ ಬೇಗ ಬದಲಾಗುವಾಗ, ನಿಂತು ನಿಂತು ಮತ್ತೆ ಯೋಚಿಸುವ ಏಜೆಂಟ್ ಗೆಲ್ಲುತ್ತದೆ. ವಾಹನದ ಏಜೆಂಟ್ ಪ್ರತಿ ಸೆಕೆಂಡಿಗೂ ದಾರಿ ಬದಲಿಸಿದರೆ ಚಾಲಕ ಓಡಿಸಲು ಆಗುವುದಿಲ್ಲ. ಬದಲಿಸದೇ ಇದ್ದರೆ ಮುಚ್ಚಿದ ರಸ್ತೆಗೆ ಹೋಗಿ ನಿಲ್ಲುತ್ತದೆ. ಯಾವ ಸುದ್ದಿ ಬಂದರೆ ಮರುಯೋಚನೆ ಅಂತ ಪಟ್ಟಿ ಮಾಡಿ: ರಸ್ತೆ ಮುಚ್ಚಿದೆ, ಕರೆ ರದ್ದಾಗಿದೆ, ವಾಹನ ಕೆಟ್ಟಿದೆ. ಅದು ಬಿಟ್ಟು ಬೇರೆ ಸುದ್ದಿಗೆ ಅಲ್ಲಾಡಬಾರದು. ಇವತ್ತು ಭಾಷಾ ಮಾದರಿಯ ಏಜೆಂಟ್ ಕಟ್ಟುವವರೂ ಇದನ್ನೇ ಎದುರಿಸುತ್ತಾರೆ. ಹತ್ತನೇ ಹೆಜ್ಜೆಗೆ ಬರುವ ಹೊತ್ತಿಗೆ ಏಜೆಂಟ್ ಮೊದಲನೇ ಹೆಜ್ಜೆಯ ಗುರಿಯನ್ನೇ ಮರೆತಿರುತ್ತದೆ, ಇಲ್ಲವಾದರೆ ಸೋತ ಟೂಲನ್ನೇ ಮತ್ತೆ ಮತ್ತೆ ಕರೆಯುತ್ತಿರುತ್ತದೆ.

ಇಷ್ಟು ಒಳ್ಳೆಯ ವಿಧಾನಗಳು ಯಾಕೆ ಎಲ್ಲ ಕಡೆ ಹರಡಲಿಲ್ಲ ಅಂತ ಒಬ್ಬರು ಕೇಳಿದರು. ನನ್ನ ಅನಿಸಿಕೆ ಹೇಳುತ್ತೇನೆ. ಪ್ರತಿ ವಿಧಾನಕ್ಕೂ ತನ್ನದೇ ಚಿಹ್ನೆಗಳು, ತನ್ನದೇ ಟೂಲ್. ಒಂದನ್ನು ಕಲಿತರೆ ಇನ್ನೊಂದಕ್ಕೆ ಉಪಯೋಗ ಆಗುತ್ತಿರಲಿಲ್ಲ. ಚಿತ್ರಗಳು ಜಾಸ್ತಿ, ಕೋಡ್ ಬದಲಾದಾಗ ಚಿತ್ರ ತಿದ್ದುವವರು ಯಾರೂ ಇಲ್ಲ. ಸಂಶೋಧನಾಲಯದಲ್ಲಿ ಹುಟ್ಟಿ ಬಹುತೇಕ ಅಲ್ಲೇ ಉಳಿದವು. ಅದಕ್ಕೇ ನಾನು ಯಾವುದನ್ನೂ ಇಡಿಯಾಗಿ ತೆಗೆದುಕೊಳ್ಳಿ ಅನ್ನುವುದಿಲ್ಲ. ಟ್ರೋಪೋಸ್‌ನಿಂದ ನೆಚ್ಚಿಕೆಯ ಚಿತ್ರ, ಗಾಯಾದಿಂದ ಪಾತ್ರದ ಕೋಷ್ಟಕ, ಪ್ರೊಮಿಥಿಯಸ್‌ನಿಂದ ಡೇಟಾ ಗೆರೆಗಳು, ಇಷ್ಟು ಸಾಕು. ಇದನ್ನು ಕೋಡ್ ಇರುವ ರೆಪೊಸಿಟರಿಯಲ್ಲೇ ಸಾದಾ ಟೆಕ್ಸ್ಟ್ ಫೈಲಾಗಿ ಇಡಿ.

"ಈಗ ಎಂಸಿಪಿ ಇದೆ, ಎ2ಎ ಇದೆ, ಇದೆಲ್ಲ ಇನ್ನೂ ಬೇಕಾ" ಅಂತ ಇನ್ನೊಬ್ಬರು. ಇವೆರಡೂ ಸಂಪರ್ಕದ ಪ್ರಮಾಣಿತ ನಿಯಮಗಳು (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಏಜೆಂಟ್ ಟು ಏಜೆಂಟ್). ಎಂಸಿಪಿ ಬಂದದ್ದು 2024ರ ನವೆಂಬರ್‌ನಲ್ಲಿ, ಎ2ಎ 2025ರ ಏಪ್ರಿಲ್‌ನಲ್ಲಿ. ಎರಡೂ ಉಪಯುಕ್ತ. ಮಾದರಿ ಮತ್ತು ಟೂಲ್ ನಡುವೆ, ಏಜೆಂಟ್ ಮತ್ತು ಏಜೆಂಟ್ ನಡುವೆ ಪೈಪ್ ಹಾಕಿಕೊಡುತ್ತವೆ. ಪೈಪಿನಲ್ಲಿ ಹೋಗುವ ಮಾತಿಗೆ ಹೊಣೆ ಯಾರು ಅಂತ ಅವು ಹೇಳುವುದಿಲ್ಲ, ಹೇಳಲೂ ಆಗುವುದಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಭಾಷಾ ಮಾದರಿಗಳ ಬಹು ಏಜೆಂಟ್ ವ್ಯವಸ್ಥೆಗಳು ಎಲ್ಲೆಲ್ಲಿ ಸೋಲುತ್ತವೆ ಅಂತ ನೋಡಿ 14 ಬಗೆಯ ಸೋಲುಗಳನ್ನು ಗುರುತಿಸಿದರು. ಅವನ್ನು ಮೂರು ಗುಂಪು ಮಾಡಿದರು: ವ್ಯವಸ್ಥೆಯ ವಿನ್ಯಾಸದ ತಪ್ಪು, ಏಜೆಂಟ್‌ಗಳ ನಡುವಿನ ಹೊಂದಾಣಿಕೆಯ ತಪ್ಪು, ಕೆಲಸ ಆಯಿತಾ ಅಂತ ಪರೀಕ್ಷಿಸುವಲ್ಲಿನ ತಪ್ಪು. ಓದುವಾಗ ನಮ್ಮ ಬಿಲ್ ಪ್ರಾಜೆಕ್ಟೇ ಕಣ್ಣ ಮುಂದೆ ಬಂತು.

ಅನುಮತಿಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಪ್ರಾಂಪ್ಟಿನಲ್ಲಿ "ನೀನು ಪಾವತಿ ದಾಖಲೆಯನ್ನು ತಿದ್ದಬಾರದು" ಅಂತ ಬರೆಯುವುದು ಅನುಮತಿ ಅಲ್ಲ, ವಿನಂತಿ. ಮಾದರಿ ಅದನ್ನು ಬಹಳ ಸಲ ಪಾಲಿಸುತ್ತದೆ, ಒಂದು ಸಲ ಪಾಲಿಸುವುದಿಲ್ಲ. ಅನುಮತಿ ಇರಬೇಕಾದದ್ದು ಡೇಟಾಬೇಸಿನಲ್ಲಿ, ಟೂಲಿನ ಗೇಟಿನಲ್ಲಿ, ಏಜೆಂಟ್ ಕೈ ಹಾಕಿದರೂ ತೆರೆಯದ ಕಡೆ. ಗಾಯಾ ಕೋಷ್ಟಕದ ಅನುಮತಿ ಸಾಲನ್ನು ನೇರವಾಗಿ ಡೇಟಾಬೇಸ್ ಹಕ್ಕಾಗಿ ಬರೆದುಬಿಡಿ.

ಟೆಸ್ಟಿಂಗ್ ಬಗ್ಗೆ ಬಂದ ಪ್ರಶ್ನೆಗೆ ಅವತ್ತು ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ವಿನಿಕಾಫ್ ಮತ್ತು ಸ್ಟೀಫನ್ ಕ್ರೇನ್‌ಫೀಲ್ಡ್ 2014ರಲ್ಲಿ ಬಿಡಿಐ ಏಜೆಂಟ್ ಎಷ್ಟು ಬೇರೆ ಬೇರೆ ರೀತಿಯಲ್ಲಿ ನಡೆದುಕೊಳ್ಳಬಹುದು ಅಂತ ಲೆಕ್ಕ ಹಾಕಿದ್ದಾರೆ. ಒಂದು ಪ್ಲಾನ್ ಸೋತಾಗ ಇನ್ನೊಂದನ್ನು ಹಿಡಿಯುವ ಗುಣ ಇದೆಯಲ್ಲ, ಅದೇ ದಾರಿಗಳ ಸಂಖ್ಯೆಯನ್ನು ಎಣಿಸಲಾಗದಷ್ಟು ಬೆಳೆಸುತ್ತದೆ. ಅಂದರೆ ಎಲ್ಲ ದಾರಿಯನ್ನೂ ಟೆಸ್ಟ್ ಮಾಡುತ್ತೇನೆ ಅನ್ನುವ ಆಸೆ ಬಿಡಬೇಕು. ನಾನು ಮಾಡುವುದು ಇಷ್ಟು. "ಎಂದೂ ಆಗಬಾರದ್ದು" ಅಂತ ಬರೆದ ಪ್ರತಿ ಸಾಲಿಗೂ ಒಂದು ಕಾವಲು ಕೋಡ್ ಇಡುತ್ತೇನೆ, ಅದು ಸದಾ ಓಡುತ್ತಿರುತ್ತದೆ. ಆಮೇಲೆ ಮೆಸೇಜ್‌ಗಳನ್ನು ಬೇಕಂತಲೇ ಕಳೆಯುತ್ತೇನೆ, ತಡ ಮಾಡುತ್ತೇನೆ, ಎರಡೆರಡು ಸಲ ಕಳಿಸುತ್ತೇನೆ. ಕಾವಲು ಕೂಗಿತಾ ಇಲ್ಲವಾ ಅಂತ ನೋಡುತ್ತೇನೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿಯದು. "ಕರೆ ಕೇಂದ್ರದಲ್ಲಿ ಒಬ್ಬ ಮನುಷ್ಯ ಕೂತು ಏಜೆಂಟ್‌ನ ತೀರ್ಮಾನಕ್ಕೆ ಒಪ್ಪಿಗೆ ಕೊಡಬೇಕು ಅಂತ ಇಟ್ಟರೆ, ಅವರನ್ನು ನಿಮ್ಮ ಕೋಷ್ಟಕದಲ್ಲಿ ಎಲ್ಲಿ ಬರೆಯುತ್ತೀರಿ?" ಬೇರೆ ಎಲ್ಲ ಪಾತ್ರಗಳ ಹಾಗೆಯೇ ಬರೆಯುತ್ತೇನೆ ಅಂದೆ. ಹೊಣೆ, ಅನುಮತಿ, ಕೆಲಸ, ಮಾತುಕತೆ. ಅವರಿಗೂ ಒಂದು "ಉತ್ತರ ಬರದಿದ್ದರೆ" ಸಾಲು ಬೇಕು, ಯಾಕೆಂದರೆ ಅವರು ಇನ್ನೊಂದು ಕರೆಯಲ್ಲಿ ಇರಬಹುದು. ಹಾಗಾದರೆ ಇಪ್ಪತ್ತು ಸೆಕೆಂಡಿನಲ್ಲಿ ಒಪ್ಪಿಗೆ ಬರದಿದ್ದರೆ ವಾಹನ ಹೊರಡಬೇಕಾ ನಿಲ್ಲಬೇಕಾ ಅಂತ ಅವಳು ಮತ್ತೆ ಕೇಳಿದಳು. ಹೊರಡಬೇಕು, ಹೊರಟ ಮೇಲೂ ತಿರುಗಿ ಕರೆಯುವ ಹಕ್ಕು ಆ ಮನುಷ್ಯನಿಗೆ ಇರಬೇಕು ಅಂತ ನಾನಂದೆ. ಆ ಊರಲ್ಲಿ ಉಳಿದಿರುವುದು ಅದೊಂದೇ ವಾಹನ ಆದರೆ ಅಂತ ಪಕ್ಕದವರು ಕೇಳಿದರು. ಬೋರ್ಡ್ ಹತ್ತಿರ ಹೋಗಿ ಆ ಸಾಲನ್ನು ಅಳಿಸಿ, ಎಲ್ಲರೂ ಸೇರಿ ಮತ್ತೆ ಬರೆಯಲು ಶುರು ಮಾಡಿದೆವು.